ಗಡಿಯಲ್ಲಿ ಬಿದ್ದ ಚೆಂಡು: ಒಬ್ಬ ಕಾಲೇಜು ವಾಲಿಬಾಲ್ ಕೋಚ್‌ ಪ್ರಕರಣ

ನಮ್ಮ ಕಾಲೇಜಿನ ವಾಲಿಬಾಲ್ ಕೋರ್ಟು ಮುರಕಲ್ಲಿನ ಗುಡ್ಡ ಕಡಿದು ಸಮ ಮಾಡಿದ ಜಾಗ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಜಾರು. ಅಲ್ಲಿ ನಾನು ಆಡಿದ್ದು ಬರೀ ಒಂದು ವರ್ಷ. ಮೊಣಕಾಲು ಕೈಕೊಟ್ಟ ಮೇಲೆ ಮಾಷ್ಟ್ರು ನನಗೆ 200 ಪುಟದ ಒಂದು ನೋಟ್‌ಬುಕ್ ಕೊಟ್ಟರು. "ಆಡ್ಲಿಕ್ಕೆ ಆಗುದಿಲ್ಲ ಅಂತ ಮನೆಯಲ್ಲಿ ಕೂರುದು ಬೇಡ. ಇಲ್ಲಿ ಕೂತು ಲೆಕ್ಕ ಬರಿ," ಅಂದರು. ಈ ಬರಹದ ಹೆಚ್ಚಿನ ಪಾಲು ಆ ನೋಟ್‌ಬುಕ್ಕಿನಿಂದಲೇ ಬಂದದ್ದು.

ಮಾಷ್ಟ್ರ ಹೆಸರು ಹಾಕುವುದಿಲ್ಲ, ಕಾಲೇಜಿನದ್ದೂ ಇಲ್ಲ. ಕಾಸರಗೋಡು ಜಿಲ್ಲೆಯಲ್ಲಿ, ಚಂದ್ರಗಿರಿ ಹೊಳೆಯಿಂದ ಈಚೆ, ಕನ್ನಡದವರು ಜಾಸ್ತಿ ಇರುವ ಕಡೆಯ ಒಂದು ಕಾಲೇಜು ಅಂದರೆ ಸಾಕು. ಅಲ್ಲಿ ಅವರು ಹುಡುಗಿಯರ ತಂಡವನ್ನು ಬಹಳ ವರ್ಷ ನಡೆಸಿದರು. ಅವರ ಕೈಯಲ್ಲಿ ಆಡಿದವರಲ್ಲಿ ಕೆಲವರು ಪೊಲೀಸ್ ಸೇರಿದರು, ಕೆಲವರು ಶಾಲೆಗಳಲ್ಲಿ ಪಿ.ಟಿ. ಟೀಚರ್ ಆದರು. ಆಡದೆ ಲೆಕ್ಕ ಬರೆದ ನಾನೂ ಪಿ.ಟಿ. ಟೀಚರೇ ಆದೆ. ಅವರ ಇಡೀ ವೃತ್ತಿಯನ್ನು ಹೇಳುವ ಬದಲು ಒಂದೇ ಒಂದು ಸೀಸನ್ ಹಿಡಿದುಕೊಳ್ಳುತ್ತೇನೆ. ಉಳಿದದ್ದೆಲ್ಲ ಆ ಒಂದು ವರ್ಷದೊಳಗೇ ಇದೆ ಅಂತ ನನ್ನ ಲೆಕ್ಕ.

ಮಾಷ್ಟ್ರು ಎಲ್ಲಿಂದ ಬಂದವರು

ಅವರು ಮೊದಲು ಆಟಗಾರ. ಮಲಬಾರಿನಲ್ಲಿ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲೇ ನೆಟ್ ಕಟ್ಟಿ, ಅಡಕೆ ಮರದ ಗ್ಯಾಲರಿ ಎಬ್ಬಿಸಿ, ಲೈಟ್ ಹಾಕಿ ರಾತ್ರಿ ಟೂರ್ನಮೆಂಟ್ ನಡೆಸುತ್ತಾರಲ್ಲ, ಅಲ್ಲಿ ಕ್ಲಬ್ಬುಗಳಿಗೆ ಗೆಸ್ಟ್ ಪ್ಲೇಯರ್ ಆಗಿ ಹೋಗುತ್ತಿದ್ದರು. ಆ ಕಾಲದ ಹುಡುಗರಿಗೆ ದೇವರು ಅಂದರೆ ಜಿಮ್ಮಿ ಜಾರ್ಜ್. ಪಕ್ಕದ ಕಣ್ಣೂರು ಜಿಲ್ಲೆಯ ಪೇರಾವೂರಿನವರು, ಅಣ್ಣತಮ್ಮಂದಿರೇ ಸೇರಿದರೆ ಒಂದು ಟೀಮ್ ಆಗುವಂಥ ಮನೆ. 1976ರಲ್ಲಿ ಅರ್ಜುನ ಪ್ರಶಸ್ತಿ, ಆಮೇಲೆ ಇಟಲಿಯ ಕ್ಲಬ್ಬುಗಳಲ್ಲಿ ಆಟ. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಕಂಚು ಬಂದಾಗ ಅವರು ತಂಡದಲ್ಲಿದ್ದರು. ಮರು ವರ್ಷ ನವೆಂಬರ್ 30ಕ್ಕೆ ಇಟಲಿಯಲ್ಲಿ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. ಮಾಷ್ಟ್ರ ಪರ್ಸಿನಲ್ಲಿ ಪೇಪರಿನಿಂದ ಕತ್ತರಿಸಿದ ಜಿಮ್ಮಿಯ ಒಂದು ಫೋಟೋ ಇತ್ತು, ಮಡಚಿ ಮಡಚಿ ಮುಖವೇ ಅಳಿಸಿಹೋದದ್ದು.

ಹಾಗಾಗಿ ಅವರಿಗೂ ವಾಲಿಬಾಲ್ ಅಂದರೆ ಸ್ಮಾಶ್. ಎತ್ತರ ಹಾರಿ ಹೊಡೆಯುವುದು. ಕೋಚಿಂಗಿನ ಮೊದಲ ವರ್ಷಗಳಲ್ಲಿ ಅವರು ಕಲಿಸಿದ್ದೂ ಅದನ್ನೇ. ಪಟಿಯಾಲದ ಎನ್.ಐ.ಎಸ್. (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಸರ್ಟಿಫಿಕೇಟ್ ಕೋರ್ಸ್ ಮಾಡಿ ಬಂದ ಮೇಲೂ ಅದೇ ಚಟ. ಬರುವಾಗ ತಂದ ಪುಸ್ತಕಗಳನ್ನು ಮಾತ್ರ ಎರಡು ವರ್ಷ ಮುಟ್ಟಲಿಲ್ಲವಂತೆ. ಇದನ್ನು ಅವರೇ ನಗುತ್ತಾ ಹೇಳಿದ್ದು.

ಅವರು ಕಾಲೇಜಿಗೆ ಸೇರಿದಾಗ ಇನ್ನೂ ಹಳೇ ಸ್ಕೋರಿಂಗ್. ಸರ್ವೀಸ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಪಾಯಿಂಟ್, ಸೆಟ್ 15ಕ್ಕೆ. ಸರ್ವೀಸ್ ನೆಟ್ಟಿಗೆ ಬಡಿದರೆ ಸರ್ವೀಸ್ ಹೋಗುತ್ತಿತ್ತು, ಪಾಯಿಂಟ್ ಹೋಗುತ್ತಿರಲಿಲ್ಲ. ಒಂದು ಮ್ಯಾಚು ಸಂಜೆ ಶುರುವಾದರೆ ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳುವ ಹಾಗಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅಂತಾರಾಷ್ಟ್ರೀಯ ಫೆಡರೇಶನ್ ಅದನ್ನು ತೆಗೆದುಹಾಕಿತು. ಈಗ ಪ್ರತಿ ರ್‍ಯಾಲಿಗೂ ಪಾಯಿಂಟ್, ಸೆಟ್ 25ಕ್ಕೆ, ಐದನೆಯದು 15ಕ್ಕೆ. ಅದೇ ಹೊತ್ತಿಗೆ ಲಿಬೆರೊ ಕೂಡ ಬಂದಳು. ಬೇರೆ ಬಣ್ಣದ ಜರ್ಸಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮಾತ್ರ ಆಡುವವಳು. ಬ್ಲಾಕ್ ಮಾಡುವ ಹಾಗಿಲ್ಲ, ನೆಟ್ಟಿಗಿಂತ ಮೇಲಿರುವ ಚೆಂಡನ್ನು ಹೊಡೆಯುವ ಹಾಗಿಲ್ಲ. ಎತ್ತರ ಇಲ್ಲ ಅಂತ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯರಿಗೆ ಇದು ಬಾಗಿಲು ತೆರೆದ ಹಾಗಾಯಿತು.

ತೊಂದರೆ ಏನಿತ್ತು

ನಾನು ನೋಟ್‌ಬುಕ್ ಹಿಡಿದ ವರ್ಷ ತಂಡಕ್ಕೆ ಒಳ್ಳೇ ಸ್ಮಾಶರ್ ಇದ್ದಳು. ಸ್ಪೋರ್ಟ್ಸ್ ಕೋಟಾದಲ್ಲಿ ಜಿಲ್ಲೆಯ ತೆಂಕಣ ಭಾಗದಿಂದ ಬಂದವಳು. 2.24 ಮೀಟರ್ ನೆಟ್ಟಿನ ಮೇಲೆ ಅವಳ ಕೈ ಬಂದರೆ ಆಚೆಯವರು ಕಣ್ಣು ಮುಚ್ಚುತ್ತಿದ್ದರು. ಆದರೂ ಇಂಟರ್ ಕಾಲೇಜಿನಲ್ಲಿ ಎರಡು ವರ್ಷ ಸಾಲಾಗಿ ಸೆಮಿಫೈನಲ್‌ನಲ್ಲಿ ಸೋತಿದ್ದೆವು. ಆಚೆಯವರು ನಮಗಿಂತ ಜೋರಾಗಿ ಹೊಡೆದು ಗೆದ್ದದ್ದಲ್ಲ. ಸುಮ್ನೆ ಫ್ಲೋಟ್ ಸರ್ವೀಸ್ ಹಾಕಿ ಕಾಯುತ್ತಿದ್ದರು. ತಿರುಗದೆ ತೇಲಿ ಬರುವ ಚೆಂಡು ಅದು, ಗಾಳಿಯಲ್ಲಿ ಅಲ್ಲಾಡುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ನಮ್ಮವರಲ್ಲಿ ಇಬ್ಬರು ಅದನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಚೆಂಡು ಇಬ್ಬರ ನಡುವೆ ಬೀಳುತ್ತಿತ್ತು. ಆಮೇಲೆ ಅವಳು ಇವಳ ಮುಖ ನೋಡುವುದು, ಇವಳು ಅವಳ ಮುಖ ನೋಡುವುದು.

ನೋಟ್‌ಬುಕ್ಕಿನ ಲೆಕ್ಕ ಹೀಗೆ. ಫಸ್ಟ್ ಬಾಲ್, ಅಂದರೆ ಆಚೆಯವರ ಸರ್ವೀಸನ್ನು ಎತ್ತಿದ ಮೊದಲ ಚೆಂಡು, ಲಿಫ್ಟರ್ (ಸ್ಮಾಶರಿಗೆ ಚೆಂಡು ಎತ್ತಿ ಕೊಡುವವಳು) ತಲೆ ಮೇಲೆ ಸರಿಯಾಗಿ ಹೋದರೆ 3. ಲಿಫ್ಟರ್ ಓಡಬೇಕಾದರೆ 2. ಹೇಗೋ ಎತ್ತಿ ಆಚೆ ದಾಟಿಸಿದರೆ 1. ಸತ್ತರೆ 0. ಕೆಲವು ವಾರ ಬರೆದ ಮೇಲೆ ನಾನೇ ಒಂದು ಗುರುತು ಸೇರಿಸಿದೆ. ಯಾರೂ ಮುಟ್ಟದೆ ಇಬ್ಬರ ನಡುವೆ ಬಿದ್ದದ್ದಕ್ಕೆ 0 ಬರೆದು, ಪಕ್ಕದಲ್ಲಿ "ಗ". ಗಡಿ ಅಂತ. ಯಾಕೆ ಆ ಅಕ್ಷರ ಬಂತೋ ಗೊತ್ತಿಲ್ಲ, ಕಾಸರಗೋಡಿನವರಿಗೆ ಆ ಶಬ್ದ ಬಾಯಿಗೆ ಬೇಗ ಬರುತ್ತದೆ ಅಂತ ಕಾಣುತ್ತದೆ. ಮಾಷ್ಟ್ರು ನೋಡಿ ಏನೂ ಹೇಳಲಿಲ್ಲ. ಮರುದಿನದಿಂದ ಅವರೂ "ಗಡಿ" ಅನ್ನತೊಡಗಿದರು. ಒಂದು ಅಭ್ಯಾಸದ ಸೆಟ್ಟಿನಲ್ಲಿ 7 ಗಡಿ ಬರೆದದ್ದುಂಟು. 25ಕ್ಕೆ ಮುಗಿಯುವ ಸೆಟ್ಟಿನಲ್ಲಿ 7 ಪಾಯಿಂಟನ್ನು ಯಾರೂ ಕೈ ಹಾಕದೆ ಕೊಟ್ಟ ಹಾಗಾಯಿತು.

ಮೊದಲ ಮದ್ದು, ತಪ್ಪಿದ್ದು

ಮಾಷ್ಟ್ರು ಮೊದಲು ದೂರಿದ್ದು ಭಾಷೆಯನ್ನು. ದೂರಲಿಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡದವರು, ಮನೆಯಲ್ಲಿ ಹವ್ಯಕ ಮಾತಾಡುವವರು, ಉಪ್ಪಳದ ತುಳುವಿನವರು, ತೆಂಕಣದ ಮಲೆಯಾಳದವರು ಎಲ್ಲ ಇದ್ದರು. ಚೆಂಡು ಬರುವಾಗ ಒಬ್ಬಳು "ನಂದು" ಅಂತಾಳೆ, ಇನ್ನೊಬ್ಬಳು "ಎನ್ನ", ಮತ್ತೊಬ್ಬಳು "ಎಂಡೆ". ಮಾಷ್ಟ್ರಿಗೆ ಅದೇ ರೋಗ ಅಂತ ಖಾತ್ರಿಯಾಯಿತು. ನಾಳೆಯಿಂದ ಎಲ್ಲರೂ "ಮೈ ಬಾಲ್" ಅನ್ನಬೇಕು ಅಂತ ಆರ್ಡರ್. ಬೇರೆ ಏನಾದರೂ ಅಂದರೆ ಕೋರ್ಟಿಗೆ ಎರಡು ಸುತ್ತು ಓಟ.

ಮೂರು ವಾರ ಓಡಿದರು. ನೋಟ್‌ಬುಕ್ಕಿನ "ಗ" ಒಂದೂ ಕಮ್ಮಿ ಆಗಲಿಲ್ಲ.

ನಿಜ ಹೇಳಬೇಕೆಂದರೆ ಇದು ನಮಗೆ ಮೊದಲೇ ಗೊತ್ತಾಗಬೇಕಿತ್ತು. ನಮ್ಮ ಊರಿನಲ್ಲಿ ಮೂರು ಭಾಷೆ ತಿಳಿಯದ ಹುಡುಗಿ ಯಾರಿದ್ದಾಳೆ? ಬಸ್ಸಿನಲ್ಲಿ ಮಲೆಯಾಳ, ಅಂಗಡಿಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. "ಎಂಡೆ" ಅಂದರೆ ಏನು ಅಂತ ತಿಳಿಯದೆ ಯಾರೂ ಚೆಂಡು ಬಿಟ್ಟದ್ದಲ್ಲ. ಕಡೆಗೆ ಮುಳ್ಳೇರಿಯದ ಹುಡುಗಿ ಒಬ್ಬಳು ಓಡಿ ಓಡಿ ಸುಸ್ತಾಗಿ, ಏದುಸಿರು ಬಿಡುತ್ತಾ ಹೇಳಿದಳು, "ಮಾಷ್ಟ್ರೆ, ಕೂಗಿದ್ದು ಕೇಳ್ತದೆ. ಆದ್ರೆ ಕೇಳುವಾಗ ಚೆಂಡು ಬಂದಾಗಿರ್ತದೆ."

ಮಾಷ್ಟ್ರು ಅವತ್ತು ಬೇಗ ಬಿಟ್ಟರು. ಅದು ಅವರ ಅಭ್ಯಾಸವೇ ಅಲ್ಲ.

ಅವಳು ಹೇಳಿದ್ದು ಸರಿ. ಸರ್ವೀಸ್ ಆದ ಚೆಂಡು ನಮ್ಮ ಕೈಗೆ ಬರಲು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು, ಅಷ್ಟೇ. ಅದರೊಳಗೆ ಚೆಂಡು ನೋಡಬೇಕು, ಎಲ್ಲಿಗೆ ಅಂತ ಅಂದಾಜು ಮಾಡಬೇಕು, ಕೂಗಬೇಕು, ಪಕ್ಕದವಳ ಕೂಗು ಕೇಳಬೇಕು, ಆಮೇಲೆ ಕಾಲು ಎತ್ತಬೇಕು. ಆಗುವ ಕೆಲಸ ಅಲ್ಲ. ಕೂಗಿ ತೀರ್ಮಾನ ಮಾಡುವಷ್ಟು ಹೊತ್ತು ಅಲ್ಲಿ ಇಲ್ಲವೇ ಇಲ್ಲ.

ಜನ ಕಮ್ಮಿ, ಗಡಿ ಕಮ್ಮಿ

ಮರುದಿನ ಮಾಷ್ಟ್ರು ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದರು. ಬೆಂಚಿನ ಮೇಲೆ ಸುರಿದರು. ಐದು ಚಾಲಿ ಅಡಕೆ, ಒಂದು ಹಣ್ಣಡಕೆ, ಒಂದು ಹುಣಸೆ ಬೀಜ. ಹಣ್ಣಡಕೆ ಲಿಫ್ಟರ್. ಹುಣಸೆ ಬೀಜ ಲಿಬೆರೊ. ಆ ಹುಡುಗಿಗೆ ಅವತ್ತಿನಿಂದ "ಬೀಜ" ಅಂತಲೇ ಹೆಸರು ಬಿತ್ತು, ಅವಳ ಮದುವೆಯಲ್ಲೂ ನಾವು ಹಾಗೇ ಕರೆದೆವು.

ಅಷ್ಟರವರೆಗೆ ನಾವು ಸರ್ವೀಸ್ ತೆಗೆಯುತ್ತಿದ್ದದ್ದು, ಅಂದರೆ ಆಚೆಯವರ ಸರ್ವೀಸನ್ನು ಎತ್ತುತ್ತಿದ್ದದ್ದು, ಹಳೇ ಕ್ರಮದಲ್ಲಿ, ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹಾಗೆ ಐದು ಜನ ನಿಂತು. ಲಿಫ್ಟರ್ ಒಬ್ಬಳನ್ನು ಬಿಟ್ಟು ಎಲ್ಲರೂ. ಐದು ಜನ ಇದ್ದರೆ ಜಾಗ ತುಂಬಿದ ಹಾಗೆ ಕಾಣುತ್ತದೆ, ಅಲ್ವಾ? ಮಾಷ್ಟ್ರು ಅಡಕೆಗಳನ್ನು ಡಬ್ಲ್ಯೂ ಆಕಾರದಲ್ಲಿಟ್ಟು, ಪ್ರತಿ ಎರಡು ಅಡಕೆಯ ನಡುವೆ ಬೆರಳಿಟ್ಟು ಎಣಿಸಿದರು. ಮುಂದಿನವರ ನಡುವೆ, ಹಿಂದಿನವರ ನಡುವೆ, ಮುಂದಿನವಳಿಗೂ ಹಿಂದಿನವಳಿಗೂ ನಡುವೆ. ಆಮೇಲೆ ಎರಡು ಅಡಕೆ ತೆಗೆದು, ಮೂರನ್ನು ಅಡ್ಡಕ್ಕೆ ಒಂದು ಸಾಲಿನಲ್ಲಿಟ್ಟರು. ನಡುವೆ ಹುಣಸೆ ಬೀಜ, ಆಚೀಚೆ ಎರಡು ಅಡಕೆ. 9 ಮೀಟರ್ ಅಗಲಕ್ಕೆ ಮೂವರು.

"ಈಗ ಗಡಿ ಎಷ್ಟು?" ಕೇಳಿದರು.

ಎರಡು.

ಆಮೇಲೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಕತೆ ಬಂತು. ಅಮೆರಿಕಾದ ಕೋಚ್ ಡಗ್ ಬೀಲ್ ತಮ್ಮ ತಂಡದಲ್ಲಿ ಸರ್ವೀಸ್ ತೆಗೆಯುವ ಕೆಲಸವನ್ನು ಇಬ್ಬರಿಗೆ ಮಾತ್ರ ಕೊಟ್ಟಿದ್ದರು, ಕಾರ್ಚ್ ಕಿರಾಯ್ ಮತ್ತು ಆಲ್ಡಿಸ್ ಬೆರ್ಜಿನ್ಸ್. ಉಳಿದವರು ಹೊಡೆಯಲಿಕ್ಕೆ ರೆಡಿ ಆಗಿರುವುದಷ್ಟೇ. ಚಿನ್ನ ಗೆದ್ದರು. ಇಬ್ಬರೇ ಇದ್ದರೆ ಗಡಿ ಒಂದೇ. "ನಮ್ಗೆ ಅಷ್ಟು ಧೈರ್ಯ ಬೇಡ," ಅಂದರು ಮಾಷ್ಟ್ರು. "ಎರಡು ಗಡಿ ಕಾಯುವಾ."

ಆ ಎರಡು ಗಡಿಗೂ ಅವರು ಮೊದಲೇ ಕಾನೂನು ಮಾಡಿಟ್ಟರು. ಗಡಿಗೆ ಚೆಂಡು ಬಂದರೆ ಬೀಜ ಯಾವಾಗಲೂ ಮುಂದೆ ನುಗ್ಗಬೇಕು. ಪಕ್ಕದವಳು ಯಾವಾಗಲೂ ಬೀಜದ ಬೆನ್ನ ಹಿಂದೆ ಹೋಗಬೇಕು. ಇಬ್ಬರೂ ಹೊರಡಬೇಕು, ಯಾರೂ ನಿಲ್ಲಬಾರದು. ಚೆಂಡು ಕುಳ್ಳಗಿದ್ದರೆ ಬೀಜಕ್ಕೆ ಸಿಗುತ್ತದೆ, ಉದ್ದ ಬಂದರೆ ಹಿಂದಿನವಳಿಗೆ ಸಿಗುತ್ತದೆ. ದಾರಿ ಬೇರೆ ಬೇರೆ ಆದ್ದರಿಂದ ಡಿಕ್ಕಿ ಇಲ್ಲ. ಕೂಗಬೇಕಾದ ಅಗತ್ಯವೂ ಇಲ್ಲ. ಬಾಯಿಗೆ ಬಂದ ಭಾಷೆಯಲ್ಲಿ ಕೂಗಿದರೆ ಕೂಗಲಿ.

ಕೋರ್ಟಿನ ಮೇಲೆ ಗಡಿಯುದ್ದಕ್ಕೂ ತೆಂಗಿನ ನಾರಿನ ಹಗ್ಗ ಹಾಸಿದರು, ಎರಡು ಸಾಲು. ನೆಟ್ಟಿನ ಆಚೆ ಒಂದು ಡೆಸ್ಕಿನ ಮೇಲೆ ನಿಂತು ಅವರೇ ಸರ್ವೀಸ್ ಹಾಕಿದರು, ಹಗ್ಗದ ಮೇಲೆಯೇ ಬೀಳುವ ಹಾಗೆ. ಒಂದು, ಎರಡು, ಮೂವತ್ತು. ಭುಜ ನೋಯುವವರೆಗೆ. ಆಮೇಲೆ ನನ್ನನ್ನು ಡೆಸ್ಕು ಹತ್ತಿಸುತ್ತಿದ್ದರು. ಮೊಣಕಾಲಿಗೆ ಹಾರುವುದು ಬೇಡ, ಕೈ ಒಂದು ಇದೆಯಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳದೆ ಹೋದರೆ ಚಿತ್ರ ಪೂರ್ತಿ ಆಗುವುದಿಲ್ಲ. ನಮ್ಮ ಪ್ರಾಕ್ಟೀಸಿಗೆ ದಿನಕ್ಕೆ ಸಿಗುತ್ತಿದ್ದದ್ದು ಮುಕ್ಕಾಲು ಗಂಟೆ, ಬಸ್ಸು ತಡವಾದರೆ ಒಂದು ಗಂಟೆ. 5.20ಕ್ಕೆ ಒಳನಾಡಿನ ಬಸ್ಸು. ಅದು ತಪ್ಪಿದರೆ ಹುಡುಗಿ ಕತ್ತಲಾದ ಮೇಲೆ ಮನೆ ಸೇರುತ್ತಾಳೆ, ಮರುದಿನದಿಂದ ಅವಳ ಅಮ್ಮ ಆಟಕ್ಕೆ ಬಿಡುವುದಿಲ್ಲ. ಹಾಗಾಗಿ ಮಾಷ್ಟ್ರು ಆ ವರ್ಷ ಸ್ಮಾಶ್ ಪ್ರಾಕ್ಟೀಸನ್ನು ಅರ್ಧಕ್ಕೂ ಕಮ್ಮಿ ಮಾಡಿದರು. ಜಿಮ್ಮಿ ಫೋಟೋ ಪರ್ಸಿನಲ್ಲಿಟ್ಟುಕೊಂಡವರಿಗೆ ಇದು ಎಷ್ಟು ಕಷ್ಟವಾಗಿರಬೇಕು ಅಂತ ಈಗ ಅನಿಸುತ್ತದೆ. ಆಗ ನಮಗೆ ಬರೀ ಬೋರು.

ಸ್ಮಾಶರ್ ಮತ್ತು ಅವಳ ಅಪ್ಪ

ಮೂವರು ಸರ್ವೀಸ್ ತೆಗೆಯುವುದಾದರೆ ಉಳಿದವರು ಎಲ್ಲಿ? ಅಡಗಬೇಕು. ಆಚೆಯವರು ಸರ್ವೀಸ್ ಹೊಡೆಯುವ ಕ್ಷಣದಲ್ಲಿ ನಮ್ಮವರೆಲ್ಲ ರೊಟೇಶನ್ ಕ್ರಮದಲ್ಲೇ, ಅಂದರೆ ಸರದಿಯಂತೆ ತಿರುಗುವ ಜಾಗದ ಕ್ರಮದಲ್ಲೇ, ಇರಬೇಕು, ಇಲ್ಲದಿದ್ದರೆ ಫೌಲು. ಅದರೊಳಗೇ ನುಸುಳಿ ಒಬ್ಬಳನ್ನು ನೆಟ್ಟಿಗೆ ಅಂಟಿಸಿ, ಇನ್ನೊಬ್ಬಳನ್ನು ಮೂಲೆಗೆ ತಳ್ಳಿ ನಿಲ್ಲಿಸುವುದು. ಆರು ರೊಟೇಶನ್‌ಗೂ ಆರು ನಕ್ಷೆ. ಮಾಷ್ಟ್ರು ಅಡಕೆ ಇಟ್ಟು ತೋರಿಸುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು.

ನಮ್ಮ ಸ್ಮಾಶರನ್ನೇ ಅವರು ಸರ್ವೀಸ್ ತೆಗೆಯುವುದರಿಂದ ಹೊರಗಿಟ್ಟರು. ಅದನ್ನು ಹೇಳಿದ್ದು ಇಡೀ ತಂಡದ ಎದುರು, ನನ್ನ ನೋಟ್‌ಬುಕ್ ತೆರೆದು, ಅವಳ ಸೊನ್ನೆಗಳನ್ನು ಗಟ್ಟಿಯಾಗಿ ಓದಿ. ಇದು ತಪ್ಪು. ಆಗಲೂ ಹಾಗೇ ಅನಿಸಿತ್ತು, ಈಗಲೂ ಹಾಗೇ. ತೀರ್ಮಾನ ಸರಿಯೇ ಇತ್ತು, ಹೇಳಿದ ರೀತಿ ಸರಿ ಇರಲಿಲ್ಲ. ಒಂದು ಹತ್ತು ನಿಮಿಷ ಅವಳನ್ನು ಮರದ ಬುಡಕ್ಕೆ ಕರೆದು ಮಾತಾಡಿದ್ದರೆ ಆಗುತ್ತಿತ್ತು. ಅವಳು ಎರಡು ದಿನ ಬರಲಿಲ್ಲ. ಮೂರನೇ ದಿನ ಅವಳ ಅಪ್ಪ ಬಂದರು. ಮಲೆಯಾಳದಲ್ಲಿ ಜೋರು ಜೋರಾಗಿ ಕೇಳಿದರು, ನನ್ನ ಮಗಳು ಮೂಲೆಯಲ್ಲಿ ನಿಲ್ಲಲಿಕ್ಕಾ ಇಷ್ಟು ದೂರ ಬಂದದ್ದು?

ಮಾಷ್ಟ್ರು ಜಗಳ ಮಾಡಲಿಲ್ಲ. ಅವರಿಗೊಂದು ಕುರ್ಚಿ ತರಿಸಿ ಕೋರ್ಟಿನ ಪಕ್ಕ ಕೂರಿಸಿದರು. ಹತ್ತು ಚೆಂಡು ಹಳೇ ಕ್ರಮದಲ್ಲಿ, ಹತ್ತು ಚೆಂಡು ಹೊಸ ಕ್ರಮದಲ್ಲಿ. ಹಳೆಯದರಲ್ಲಿ ಮಗಳು ಬಗ್ಗಿ ಚೆಂಡು ತೆಗೆದು, ಎದ್ದು ನಿಂತು ಓಡಿ ಬರುವಾಗ ಹೊಡೆತ ತಡ. ಹೊಸದರಲ್ಲಿ ಚೆಂಡು ಬರುವ ಮೊದಲೇ ಅವಳು ಮೂರು ಹೆಜ್ಜೆ ಹಿಂದೆ ಸರಿದು, ಓಟಕ್ಕೆ ರೆಡಿ. ಏಳನೆಯದೋ ಎಂಟನೆಯದೋ ಹೊಡೆತ ಅಪ್ಪನ ಕುರ್ಚಿಯ ಹತ್ತಿರವೇ ಬಡಿದು ಹೋಯಿತು. ಅವರು ಎದ್ದು ನಿಂತು ಮುಂಡು ಕೊಡವಿಕೊಂಡರು. "ಮಾಷೇ, ಶರಿ," ಅಂತ ಮಾತ್ರ ಅಂದು 5.20ರ ಬಸ್ಸಿಗೆ ಹೋದರು.

ಇಷ್ಟೆಲ್ಲ ಲೆಕ್ಕ ಇಡುವ ಕೋಚ್‌ಗಳು ನಮ್ಮವರು ಮಾತ್ರ ಅಂತ ನಾನು ಬಹಳ ದಿನ ತಿಳಿದುಕೊಂಡಿದ್ದೆ. ಆಮೇಲೆ ಬಿ.ಪಿ.ಎಡ್. ಓದುವಾಗ ರಸ್ ರೋಸ್ ಬಗ್ಗೆ ಗೊತ್ತಾಯಿತು. ಅಮೆರಿಕಾದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಹುಡುಗಿಯರ ತಂಡಕ್ಕೆ 1979ರಿಂದ 2021ರವರೆಗೆ ಕೋಚ್ ಆಗಿದ್ದವರು. ಏಳು ಸಲ ರಾಷ್ಟ್ರೀಯ ಚಾಂಪಿಯನ್, ಅದರಲ್ಲಿ 2007ರಿಂದ 2010ರವರೆಗೆ ನಾಲ್ಕು ಸಾಲಾಗಿ. ಒಂದೂ ಸೋಲಿಲ್ಲದೆ 109 ಮ್ಯಾಚು. ಅವರು ಸ್ನಾತಕೋತ್ತರ ಪದವಿಗೆ ಬರೆದ ಪ್ರಬಂಧವೇ ವಾಲಿಬಾಲ್ ಅಂಕಿಅಂಶಗಳ ಮೇಲೆ. 1999ರಲ್ಲಿ ಅವರ ಕೈಯಲ್ಲಿ ಆಡಿ ಗೆದ್ದ ಕೇಟೀ ಶೂಮಾಕರ್-ಕಾಲಿ ಅವರ ನಂತರ ಅದೇ ತಂಡದ ಕೋಚ್ ಆದರು, 2024ರಲ್ಲಿ ಗೆದ್ದರು. ಆ ಪ್ರಶಸ್ತಿ ಗೆದ್ದ ಮೊದಲ ಮಹಿಳಾ ಕೋಚ್ ಆಕೆ. ರೋಸ್ ಅವರದ್ದು ಒಂದೇ ಕಾಲೇಜಿನಲ್ಲಿ 43 ಸೀಸನ್! ಇದನ್ನು ಮಾಷ್ಟ್ರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅವ್ರದ್ದು ಪರ್ಮನೆಂಟಾ?"

ಮಾಷ್ಟ್ರದ್ದು ಪರ್ಮನೆಂಟ್ ಅಲ್ಲ. ಪ್ರತಿ ಜೂನಿನಲ್ಲಿ ಹೊಸದಾಗಿ ಇಂಟರ್‌ವ್ಯೂ, ಮಾರ್ಚಿಗೆ ಮುಗಿಯಿತು. ಎಪ್ರಿಲ್, ಮೇ ಎರಡು ತಿಂಗಳು ಸಂಬಳ ಇಲ್ಲ. ಆಗ ಅವರು ಹೆಂಡತಿಯ ಮನೆಯ ತೋಟ ನೋಡಿಕೊಳ್ಳುತ್ತಿದ್ದರು. ಅಡಕೆ ಇಟ್ಟು ರೊಟೇಶನ್ ಕಲಿಸುವ ಉಪಾಯ ಅಲ್ಲಿಂದಲೇ ಬಂದದ್ದಿರಬೇಕು.

ಆಮೇಲೆ

ಆ ವರ್ಷದ ಇಂಟರ್ ಕಾಲೇಜಿನಲ್ಲಿ ಗೆದ್ದೆವು. ಫೈನಲ್‌ನ ಕತೆ ಹೇಳುತ್ತಾ ಹೋದರೆ ಅದು ಬೇರೆಯೇ ಬರಹ ಆಗುತ್ತದೆ, ನಮ್ಮ ಹುಡುಗಿಯರು ಅದನ್ನು ಎಲ್ಲ ಮದುವೆ ಮನೆಗಳಲ್ಲಿ ಹೇಳಿ ಮುಗಿಸಿದ್ದಾರೆ ಕೂಡ. ನೋಟ್‌ಬುಕ್ಕಿನ ಲೆಕ್ಕ ಮಾತ್ರ ಕೊಡುತ್ತೇನೆ. ನಾಲ್ಕು ಸೆಟ್ಟಿನಲ್ಲಿ "ಗ" 2. ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನವರು ಡೆಸ್ಕು ಬಡಿದ ಹಾಗೆ ಸೀಟು ಬಡಿದು ಹಾಡುತ್ತಿದ್ದರು. ಮಾಷ್ಟ್ರು ಮುಂದೆ ಕೂತು, ಆ ಎರಡು ಯಾವ ರೊಟೇಶನ್‌ನಲ್ಲಿ ಬಿದ್ದದ್ದು ಅಂತ ನನ್ನ ಹತ್ತಿರ ಕೇಳಿ ಬರೆಸಿಕೊಂಡರು.

ಈ ಪ್ರಕರಣವನ್ನು ಇಲ್ಲಿಗೇ ನಿಲ್ಲಿಸಿದರೆ ಮಾಷ್ಟ್ರು ಎಲ್ಲ ಕಂಡುಹಿಡಿದವರ ಹಾಗೆ ಕಾಣುತ್ತಾರೆ. ಹಾಗಲ್ಲ. ಆ ಜೂನಿನಲ್ಲಿ ಬೀಜ ಡಿಗ್ರಿ ಮುಗಿಸಿ ಹೋದಳು. ಅವಳ ಜಾಗಕ್ಕೆ ಬದಿಯಡ್ಕ ಕಡೆಯ ಒಬ್ಬಳು ಬಂದಳು. ಕೈ ಬಹಳ ಮೆದು, ಚೆಂಡು ಮುಟ್ಟಿದರೆ ಲಿಫ್ಟರ್‌ ತಲೆ ಮೇಲೆ ಹೂವಿನ ಹಾಗೆ ಇಳಿಯುತ್ತಿತ್ತು. ಆದರೆ ಮುಂದೆ ನುಗ್ಗುವ ಕಾಲು ಅವಳದ್ದಲ್ಲ. ನಿಯಮ ಅದೇ, ಹಗ್ಗ ಅದೇ, ಡೆಸ್ಕು ಅದೇ. ಮೊದಲ ಅಭ್ಯಾಸದ ಸೆಟ್ಟಿನಲ್ಲೇ "ಗ" 5. ಎಲ್ಲ ಅವಳ ಕಾಲಿನ ಮುಂದೆ ಒಂದು ಮಾರು ದೂರದಲ್ಲಿ.

ಹಳೇ ಹುಡುಗಿಯರು ಅವಳ ಮೇಲೆ ರೇಗಿದರು. ಬೀಜ ಇದ್ದಿದ್ದರೆ ಅಂತ ಶುರುವಾಯಿತು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಇನ್ನಷ್ಟು ಓಡಿಸಿ, ಮುಂದೆ ನುಗ್ಗಲು ಕಲಿಸಬೇಕು ಅಂತ ಮಾಷ್ಟ್ರಿಗೆ ಹೇಳಿದ್ದು ನಾನೇ.

ಅವರು ನೋಟ್‌ಬುಕ್ ಇಸಿದುಕೊಂಡು ಸ್ವಲ್ಪ ಹೊತ್ತು ನೋಡಿದರು. ಜೇಬಿನಿಂದ ಅಡಕೆ ತೆಗೆದು ಬೆಂಚಿನ ಮೇಲಿಟ್ಟರು. ಹುಣಸೆ ಬೀಜವನ್ನು ಬೆರಳಿನಿಂದ ಮೆಲ್ಲ ಒಂದು ಗೇಣು ಹಿಂದೆ ತಳ್ಳಿದರು. ಪಕ್ಕದ ಎರಡು ಅಡಕೆಗಳನ್ನು ಮುಂದೆ ತಂದರು.

"ಆ ಕಾನೂನು ಅವಳಿಗೆ ಮಾಡಿದ್ದು," ಅಂದರು. "ಇವಳು ಹಿಂದೆ ಹೋಗ್ಲಿ. ಪಕ್ಕದವ್ರು ಮುಂದೆ ಬರ್ಲಿ. ಹಗ್ಗ ಎಲ್ಲಿಟ್ಟೆ ನೀನು?"

ಹಗ್ಗ ಸ್ಟೋರ್ ರೂಮಿನಲ್ಲಿತ್ತು. ತಂದು ಹಾಸುವಷ್ಟರಲ್ಲಿ ಐದು ಗಂಟೆ ಹತ್ತು ನಿಮಿಷ. ಎಂಟು ಚೆಂಡು ಹಾಕಿದೆವು, ಬಸ್ಸು ಬಂತು.